ವಿನೆಗರ್ ನೀರುಳ್ಳಿ ಕೆಟ್ಟರೆ ತಪ್ಪು ಎಲ್ಲಿ ಹುಡುಕಬೇಕು?

ಭರಣಿಗೆ ಹಾಕಿದ ನೀರುಳ್ಳಿ ಗುಲಾಬಿಯಾಗುವ ಬದಲು ಬೂದಿ ಬಣ್ಣಕ್ಕೆ ತಿರುಗುತ್ತದೆ. ಇಲ್ಲವೇ ನಾಲ್ಕು ದಿನಕ್ಕೆಲ್ಲ ಮೆತ್ತಗಾಗುತ್ತದೆ, ಮುಚ್ಚಳ ತೆಗೆದರೆ ಬುಸ್ಸೆನ್ನುತ್ತದೆ. ಹೀಗೆ ಏನಾದರೂ ಆದ ಕೂಡಲೇ ಬೈಗುಳ ಬೀಳುವುದು ನೀರುಳ್ಳಿಗೆ. 'ಈ ಸಲ ಬಂದ ಮಾಲೇ ಸರಿ ಇಲ್ಲ' ಎಂದುಬಿಡುತ್ತೇವೆ. ಆದರೆ ಮನೆಯಲ್ಲೇ ಮಾಡಿದ ಹಣ್ಣಿನ ವಿನೆಗರ್ ಬಳಸುವವರು ಮೊದಲು ಅನುಮಾನಪಡಬೇಕಾದದ್ದು ವಿನೆಗರಿನ ಮೇಲೆ. ಆಮೇಲೆ ನೀರು, ಆಮೇಲೆ ಕತ್ತಿ ಮತ್ತು ಪಾತ್ರೆ. ನೀರುಳ್ಳಿಯ ಸರದಿ ಕೊನೆಗೆ.

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಗುಡ್ಡೆಗಳಲ್ಲಿ ಗೇರುಹಣ್ಣಿಗೆ ಬರ ಇಲ್ಲ. ಬೀಜ ತಿರುಚಿ ತೆಗೆದು ಹಣ್ಣನ್ನು ಮರದಡಿಯಲ್ಲೇ ಕೊಳೆಯಲು ಬಿಡುವುದೇ ಹೆಚ್ಚು. ಅದು ಸಂಕಟದ ವಿಷಯ, ಏಕೆಂದರೆ ಕಿತ್ತಳೆಗಿಂತ ಎಷ್ಟೋ ಪಾಲು ಹೆಚ್ಚು ಸಿ ಜೀವಸತ್ವ ಇರುವ ಹಣ್ಣು ಅದು. ಬಿಸುವಿನ (ಏಪ್ರಿಲ್ ನಡುವಿನ ಹಬ್ಬ) ಹೊತ್ತಿಗೆ ಹಿಂಡಿಟ್ಟ ರಸ ಆಟಿಯ (ಜುಲೈ-ಆಗಸ್ಟ್) ಮಳೆಗೆ ವಿನೆಗರ್ ಆಗಿ ಕೈಗೆ ಸಿಗುತ್ತದೆ. ಅದರಲ್ಲಿ ನೆನೆಸಿದ ನೀರುಳ್ಳಿ ಕುಚ್ಚಲಕ್ಕಿ ಗಂಜಿಗೂ ಆಗುತ್ತದೆ, ಬಿರಿಯಾನಿಗೂ ಆಗುತ್ತದೆ. ಅನಾನಸಿನದ್ದಾಗಲಿ, ತೆಂಗಿನ ನೀರಿನದ್ದಾಗಲಿ ಮುಂದೆ ಹೇಳುವುದು ಹೆಚ್ಚುಕಡಿಮೆ ಅನ್ವಯಿಸುತ್ತದೆ. ಗೇರುಹಣ್ಣಿನದ್ದಕ್ಕೆ ಮಾತ್ರ ಒಂದೆರಡು ತಂಟೆ ಜಾಸ್ತಿ.

ಹೋಲಿಸಿ ನೋಡಲು ಒಂದು ಅಳತೆ ಬೇಕಲ್ಲ, ಅದಕ್ಕೆ ಇದು: ಉದ್ದುದ್ದ ಸೀಳಿದ ನೀರುಳ್ಳಿ 250 ಗ್ರಾಂ, ವಿನೆಗರ್ 200 ಮಿ.ಲೀ., ಉಪ್ಪು ಒಂದು ಟೀಚಮಚ, ಸಕ್ಕರೆ ಎರಡು ಟೀಚಮಚ, ನಾಲ್ಕು ಕಾಳುಮೆಣಸು. ನೀರುಳ್ಳಿಗೆ ಉಪ್ಪು ಸವರಿ ಕಾಲು ಗಂಟೆ ಇಟ್ಟು, ಬಿಟ್ಟ ನೀರನ್ನು ಹಿಂಡಿ ಚೆಲ್ಲಬೇಕು. ವಿನೆಗರನ್ನು ಸಕ್ಕರೆ, ಮೆಣಸಿನ ಜೊತೆ ಬಿಸಿ ಮಾಡಿ, ಕುದಿ ಬರುವ ಮೊದಲೇ ಇಳಿಸಿ ಸುರಿಯಬೇಕು. ಆರಿದ ಮೇಲೆ ಫ್ರಿಜ್ಜಿಗೆ. ಒಂದು ಗಂಟೆಗೆ ತಿನ್ನಬಹುದು, ಮರುದಿನಕ್ಕೆ ಚೆನ್ನಾಗಿರುತ್ತದೆ.

ಮೊದಲು ಹುಳಿಯನ್ನು ಅಳೆಯಿರಿ

ಅಂಗಡಿಯ ವಿನೆಗರಿನಲ್ಲಿ ಅಸಿಟಿಕ್ ಆಮ್ಲ ಇಷ್ಟಿರಲೇಬೇಕು ಎಂಬ ನಿಯಮ ಇದೆ. ನಮ್ಮ ದೇಶದಲ್ಲಿ ಅದು ಕನಿಷ್ಠ ಶೇ. 3.75. ಬಾಟಲಿಯ ಮೇಲೆ ಸಾಧಾರಣವಾಗಿ ಶೇ. 4 ಅಥವಾ 5 ಎಂದು ಬರೆದಿರುತ್ತದೆ. ಮನೆಯದ್ದಕ್ಕೆ ಅಂಥ ಭರವಸೆ ಇಲ್ಲ. ರಸದ ಸಕ್ಕರೆ ಮೊದಲು ಮದ್ಯಸಾರ ಆಗಬೇಕು, ಆ ಮದ್ಯಸಾರ ಗಾಳಿಯ ಸಹಾಯದಿಂದ ಆಮ್ಲ ಆಗಬೇಕು. ಎರಡು ಮೆಟ್ಟಿಲಲ್ಲಿ ಯಾವುದು ಅರ್ಧಕ್ಕೆ ನಿಂತರೂ ಹುಳಿ ಕಡಿಮೆ. ಶೇ. 10ರಷ್ಟು ಸಕ್ಕರೆ ಇರುವ ರಸದಿಂದ ಎಲ್ಲ ಸರಿ ಹೋದರೆ ಸುಮಾರು ಶೇ. 5ರ ಆಮ್ಲ ಬರಬಹುದು. ನಡುವೆ ಮಳೆನೀರು ಸೇರಿದ್ದರೆ, ಹಣ್ಣು ಸಪ್ಪೆಯಿದ್ದರೆ ಅದರ ಅರ್ಧವೂ ಬಾರದು. ನಾಲಿಗೆಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೇರುಹಣ್ಣಿನ ಒಗರು ಹುಳಿಯಂತೆಯೇ ಬಾಯಿ ಹಿಡಿಯುತ್ತದೆ, ಶೇ. 2ರದ್ದೂ ಖಡಕ್ಕಾಗಿದೆ ಅನಿಸುತ್ತದೆ.

ಇನ್ನು ಲೆಕ್ಕ. ನೀರುಳ್ಳಿಯಲ್ಲಿ ಹೆಚ್ಚಿನ ಪಾಲು ನೀರೇ. 250 ಗ್ರಾಮಿನಲ್ಲಿ ಸುಮಾರು 220 ಮಿ.ಲೀ. ಇದೆ ಎಂದಿಟ್ಟುಕೊಳ್ಳಿ. ಶೇ. 4ರ ವಿನೆಗರ್ 200 ಮಿ.ಲೀ. ಹಾಕಿದರೆ ಅದರಲ್ಲಿರುವ ಆಮ್ಲ 8 ಗ್ರಾಂ. ಒಂದೆರಡು ದಿನದಲ್ಲಿ ಅದು ಒಳಗೂ ಹೊರಗೂ ಸಮ ಹರಡಿಕೊಂಡಾಗ ಭರಣಿಯಲ್ಲಿ ಉಳಿಯುವುದು ಶೇ. 2ಕ್ಕಿಂತ ತುಸು ಕಡಿಮೆ. ಅದೇ ಶೇ. 2ರ ಮನೆ ವಿನೆಗರ್ ಹಾಕಿದ್ದರೆ ಶೇ. 1 ಕೂಡ ಇಲ್ಲ. ಅದರ ಮೇಲೆ 'ಹುಳಿ ಜಾಸ್ತಿ ಆಯಿತು' ಎಂದು ಅರ್ಧ ಲೋಟ ನೀರು ಬೆರೆಸಿದ್ದರೆ ಕೆಡದೆ ಇನ್ನೇನಾಗಬೇಕು? ಉಪ್ಪು ಸವರಿ ಹಿಂಡಿ ಎನ್ನುವುದೂ ಇದೇ ಕಾರಣಕ್ಕೆ. ಒಳಗಿನ ನೀರು ಎಷ್ಟು ಹೊರಗೆ ಬರುತ್ತದೋ ಹುಳಿ ಅಷ್ಟು ತೆಳುವಾಗದೆ ಉಳಿಯುತ್ತದೆ.

ಅಳೆಯಲು ಪ್ರಯೋಗಾಲಯ ಬೇಡ. ಅಡಿಗೆ ಸೋಡಾ, ಅಂಗಳದ ಒಂದು ಕೆಂಪು ದಾಸವಾಳ, ಮಕ್ಕಳ ಮದ್ದಿನ ಜೊತೆ ಬರುವ ಗೆರೆ ಇರುವ ಸಿರಿಂಜ್, ಮತ್ತು ಶೇಕಡಾವಾರು ಬರೆದಿರುವ ಅಂಗಡಿಯ ವಿನೆಗರ್ ಬಾಟಲಿ ಒಂದು ಇದ್ದರೆ ಆಯಿತು. ಹೂವಿನ ಎಸಳನ್ನು ಬಿಸಿನೀರಿಗೆ ಹಾಕಿ ಕಿವುಚಿದರೆ ನೇರಳೆ ಬಣ್ಣದ ನೀರು ಸಿಗುತ್ತದೆ. ಬೇರೆ ಲೋಟದಲ್ಲಿ 100 ಮಿ.ಲೀ. ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಒಂದು ಟೀಚಮಚ ಸೋಡಾ ಕರಗಿಸಿ. ಈಗ ಬಿಳಿ ಬಟ್ಟಲಿಗೆ ಅಂಗಡಿಯ ವಿನೆಗರ್ 5 ಮಿ.ಲೀ. ಹಾಕಿ, ದಾಸವಾಳದ ನೀರು ಹತ್ತು ಹನಿ ಬಿಡಿ. ಥಟ್ಟನೆ ಕಡುಗುಲಾಬಿ ಆಗುತ್ತದೆ. ಸಿರಿಂಜಿನಿಂದ ಸೋಡಾ ನೀರನ್ನು ಸ್ವಲ್ಪಸ್ವಲ್ಪ ಬಿಡುತ್ತ ಬಟ್ಟಲು ತಿರುಗಿಸುತ್ತಿರಿ. ಮೊದಮೊದಲು ಜೋರಾಗಿ ನೊರೆ ಏಳುತ್ತದೆ, ಬಣ್ಣ ಅಲ್ಲಾಡುವುದಿಲ್ಲ. ಆಮೇಲೆ ಬಿದ್ದ ಜಾಗದಲ್ಲಿ ಮಾತ್ರ ನೇರಳೆ ಕಂಡು ಮಾಯವಾಗುತ್ತದೆ. ಅಲ್ಲಿಂದ ಒಂದೊಂದೇ ಹನಿ ಬಿಡಿ. ಗುಲಾಬಿ ಪೂರ್ತಿ ಹೋಗಿ ಮಾಸಲು ನೇರಳೆ ನಿಂತದ್ದೇ ನಿಲ್ಲಿಸಿ, ಎಷ್ಟು ಮಿ.ಲೀ. ಹೋಯಿತು ಎಂದು ಬರೆದುಕೊಳ್ಳಿ. ಶೇ. 4ರ ವಿನೆಗರಿಗೆ ಐದೂವರೆ ಮಿ.ಲೀ. ಆಸುಪಾಸು ಹಿಡಿಯುತ್ತದೆ. ಮನೆಯ ವಿನೆಗರಿಗೂ ಹಾಗೇ ಮಾಡಿ, ಅದೇ ಬಣ್ಣಕ್ಕೆ ನಿಲ್ಲಿಸಿ. ಅರ್ಧದಷ್ಟೇ ಸೋಡಾ ನೀರು ಹಿಡಿದರೆ ಹುಳಿಯೂ ಅರ್ಧ, ಅಂದರೆ ಶೇ. 2. ಎರಡಕ್ಕೂ ಒಂದೇ ಸೋಡಾ ನೀರು ಬಳಸುವುದರಿಂದ ಚಮಚದ ಅಳತೆ ಕೊಂಚ ಆಚೀಚೆ ಆದರೂ ಹೋಲಿಕೆ ಕೆಡುವುದಿಲ್ಲ.

ಹಣ್ಣಿನದ್ದೇ ಆದ ಬೇರೆ ಆಮ್ಲಗಳೂ ಈ ಲೆಕ್ಕದಲ್ಲಿ ಸೇರುತ್ತವೆ, ಹಾಗಾಗಿ ಸಿಕ್ಕಿದ ಸಂಖ್ಯೆಯನ್ನು ತುಸು ಇಳಿಸಿಯೇ ನಂಬಬೇಕು. ಪುನರ್ಪುಳಿ (ಕೋಕಂ) ಬೆರೆಸಿದ ವಿನೆಗರಿಗೆ ತನ್ನದೇ ಕೆಂಪು ಇರುವುದರಿಂದ ದಾಸವಾಳದ ಬಣ್ಣ ತಿಳಿಯಾಗಿ ಕಾಣದು.

ಶೇ. 4 ಮತ್ತು ಮೇಲೆ ಬಂದರೆ ನೀರು ಬೆರೆಸದೆ ಹಾಗೆಯೇ ಬಳಸಿ. ಶೇ. 3ರ ಹತ್ತಿರ ಇದ್ದರೆ ತೊಟ್ಟು ನೀರೂ ಬೇಡ, ವಾರದೊಳಗೆ ಮುಗಿಸಿ. ಅದಕ್ಕೂ ಕೆಳಗಿದ್ದರೆ ಅಂಗಡಿಯ ವಿನೆಗರನ್ನು ಅರ್ಧಕ್ಕರ್ಧ ಬೆರೆಸಿ, ಇಲ್ಲವೇ ಅಂದಂದಿನ ಊಟಕ್ಕೆ ಮಾತ್ರ ಕಲಸಿಕೊಳ್ಳಿ. ಬಲವಾಗಲಿ ಎಂದು ಬೇರೆ ಆಮ್ಲ ಹುಡುಕಲು ಹೋಗಬೇಡಿ. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಆಸಿಡ್ ನಮ್ಮ ಎಷ್ಟೋ ಮನೆಗಳಲ್ಲಿ ಇರುತ್ತದೆ. ಅದು ಫಾರ್ಮಿಕ್ ಆಮ್ಲ, ಬಾಯಿ ಗಂಟಲು ಸುಟ್ಟುಹೋಗುತ್ತದೆ. ಅಡಿಗೆಮನೆಯ ಹತ್ತಿರಕ್ಕೂ ಆ ಕ್ಯಾನ್ ಬರಬಾರದು. ವಿನೆಗರಿನ ಹಳೆ ಬಾಟಲಿಗೆ ಅದನ್ನು ತುಂಬಿಡುವುದಂತೂ ಕೂಡಲೇ ಕೂಡದು.

ಕಳೆದ ವರ್ಷ ಚೆನ್ನಾಗಿದ್ದ ವಿನೆಗರೇ ಈಗ ಸಪ್ಪೆಯಾಗಿದೆಯೇ? ಅರ್ಧ ಖಾಲಿ ಬಾಟಲಿಯಲ್ಲಿ ಬಟ್ಟೆ ಕಟ್ಟಿ ಇಟ್ಟಿದ್ದಿರಬಹುದು. ಮದ್ಯಸಾರ ಮುಗಿದ ಮೇಲೂ ಗಾಳಿ ಸಿಗುತ್ತಿದ್ದರೆ ಅದೇ ಬ್ಯಾಕ್ಟೀರಿಯಾ ತಾನು ಮಾಡಿದ ಆಮ್ಲವನ್ನೇ ತಿನ್ನಲು ತೊಡಗುತ್ತದೆ. ತಯಾರಾದ ವಿನೆಗರನ್ನು ಸೋಸಿ, ಸಣ್ಣ ಬಾಟಲಿಗಳಲ್ಲಿ ಕುತ್ತಿಗೆವರೆಗೆ ತುಂಬಿ ಬಿರಡೆ ಹಾಕಿಡಬೇಕು.

ಬೂದಿ, ಮಸಿ, ನೀಲಿ

ಗೇರುಹಣ್ಣಿನ ವಿನೆಗರಿಗೆ ಹೆಚ್ಚು ಅಂಟಿಕೊಂಡ ದೂರು ಇದೇ. 'ಹಾಕುವಾಗ ಎಷ್ಟು ಚಂದ ಇತ್ತು ಅಕ್ಕಾ, ಬೆಳಿಗ್ಗೆ ನೋಡಿದರೆ ಕೆಸರು ನೀರಿನ ಹಾಗೆ' ಎಂದು ಪಕ್ಕದ ಮನೆಯಿಂದ ಭರಣಿ ಹಿಡಿದುಕೊಂಡೇ ಬರುತ್ತಾರೆ. ಇಲ್ಲಿ ಕೆಟ್ಟಿರುವುದು ಏನೂ ಇಲ್ಲ. ಗೇರುಹಣ್ಣಿನ ಒಗರಿಗೆ ಕಾರಣ ಟ್ಯಾನಿನ್. ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಕಪ್ಪು. ಹಿಂದಿನವರು ಬರೆಯುವ ಮಸಿಯನ್ನು ಮಾಡುತ್ತಿದ್ದದ್ದೇ ಈ ಜೋಡಿಯಿಂದ. ಹಾಗಾದರೆ ಭರಣಿಯೊಳಗೆ ಕಬ್ಬಿಣ ಎಲ್ಲಿಂದ ಬಂತು ಎಂದು ಹುಡುಕಬೇಕು.

ಮೊದಲ ಶಂಕೆ ಮೆಟ್ಟುಕತ್ತಿಯ (ಈಳಿಗೆಮಣೆಯ) ಮೇಲೆ. ಹಳೆ ಮೆಟ್ಟುಕತ್ತಿಯಲ್ಲಿ ಗೇರುಹಣ್ಣು ಹೆಚ್ಚಿದವರಿಗೆ ಅಲಗಿನ ಮೇಲೆ ಕೂಡಲೇ ಬರುವ ಆ ನೀಲಿ-ಕಪ್ಪು ಕಲೆ ಗೊತ್ತೇ ಇದೆ. ನೀರುಳ್ಳಿಯನ್ನು ಅದರಲ್ಲೇ ಸೀಳಿದರೆ ಪ್ರತಿ ಚೂರಿನ ಅಂಚಿಗೂ ಚೂರು ಕಬ್ಬಿಣ ಅಂಟುತ್ತದೆ, ವಿನೆಗರ್ ಸೋಕಿದಾಗ ಅಂಚಿನಿಂದಲೇ ಕಪ್ಪು ಶುರುವಾಗುತ್ತದೆ. ಚೂರುಗಳನ್ನು ಬೆಳಕಿಗೆ ಹಿಡಿದು ನೋಡಿ. ಅಂಚು ಕಪ್ಪಾಗಿ ನಡು ಸರಿಯಿದ್ದರೆ ತಪ್ಪು ಕತ್ತಿಯದ್ದು. ಇಡೀ ನೀರೇ ಒಂದೇ ಸಮ ಬೂದಿಯಾಗಿದ್ದರೆ ತಪ್ಪು ಬಾವಿಯದ್ದು. ಮೇಲೆ ಮಾತ್ರ ಕಂದು ಉಂಗುರ ಇದ್ದರೆ ಮುಚ್ಚಳದ ತಗಡು ತುಕ್ಕು ಹಿಡಿದಿದೆ, ಅದನ್ನು ಪೂರ್ತಿ ಚೆಲ್ಲಿ ಪ್ಲಾಸ್ಟಿಕ್ ಮುಚ್ಚಳದ ಗಾಜಿನ ಭರಣಿಗೆ ಬದಲಾಯಿಸಿ.

ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ನೀರಿನಲ್ಲಿ, ಅದರಲ್ಲೂ ಬೋರ್‌ವೆಲ್ ನೀರಿನಲ್ಲಿ, ಕೆಲವು ಕಡೆ ಕಬ್ಬಿಣದ ಅಂಶ ಸಾಕಷ್ಟು ಇರುತ್ತದೆ. ಕೊಡಪಾನದಲ್ಲಿ ರಾತ್ರಿ ಇಟ್ಟ ನೀರಿನ ಮೇಲೆ ಎಣ್ಣೆ ಹನಿಸಿದಂತೆ ಹೊಳೆವ ಪದರ, ತಳದಲ್ಲಿ ಕೆಂಪು ಗಸಿ ಕಂಡರೆ ಅನುಮಾನವೇ ಬೇಡ. ಹಾಲು ಹಾಕದ ಚಹಾ ಮಾಡಿ ನೋಡಿದರೂ ಗೊತ್ತಾಗುತ್ತದೆ. ಕಬ್ಬಿಣದ ನೀರಿನ ಚಹಾ ಕೆಂಪಾಗುವ ಬದಲು ಕಪ್ಪಿಡುತ್ತದೆ. ಅಲ್ಲಿಯೂ ಟ್ಯಾನಿನ್ನಿನದೇ ಕೆಲಸ. ಇಂಥ ನೀರಿನಲ್ಲಿ ನೀರುಳ್ಳಿ ತೊಳೆದರೂ ಸಾಕು, ಬಣ್ಣ ಕೆಡುತ್ತದೆ.

ವಿನೆಗರಿನಲ್ಲಿ ಟ್ಯಾನಿನ್ ಎಷ್ಟು ಉಳಿದಿದೆ ಎಂದು ನೋಡುವುದು ಇನ್ನೂ ಸುಲಭ. ಒಂದು ಬಟ್ಟಲಿನಲ್ಲಿ ಗೇರುಹಣ್ಣಿನ ವಿನೆಗರ್, ಇನ್ನೊಂದರಲ್ಲಿ ಅಂಗಡಿಯ ಬಿಳಿ ವಿನೆಗರ್ ತೆಗೆದುಕೊಂಡು, ತಿಕ್ಕಿ ತೊಳೆದ ಕಬ್ಬಿಣದ ಮೊಳೆ ಒಂದೊಂದು ಹಾಕಿ ಒಂದೆರಡು ಗಂಟೆ ಬಿಡಿ. ಬಿಳಿ ವಿನೆಗರ್ ಹೆಚ್ಚೆಂದರೆ ಸ್ವಲ್ಪ ಮಬ್ಬಾಗಬಹುದು. ಗೇರುಹಣ್ಣಿನದ್ದು ಮಸಿಯಾದರೆ ಉತ್ತರ ಸಿಕ್ಕಿತು. ಎರಡನ್ನೂ ಚೆಲ್ಲಿಬಿಡಿ.

ತಯಾರಾದ ವಿನೆಗರಿನಿಂದ ಒಗರು ತೆಗೆಯುವುದು ಕಷ್ಟ. ಅದನ್ನು ಮೀನಿನ ಮಸಾಲೆಗೆ ಬಳಸಿ ಮುಗಿಸುವುದು ಒಳ್ಳೆಯದು. ಮುಂದಿನ ಬೇಸಗೆಯಲ್ಲಿ ರಸ ಇರುವಾಗಲೇ ತಿಳಿ ಮಾಡಿಕೊಳ್ಳಿ. ಕೇರಳ ಕೃಷಿ ವಿಶ್ವವಿದ್ಯಾಲಯ ಹೇಳಿಕೊಡುವ ಕ್ರಮ ಇದು: ಲೀಟರ್ ರಸಕ್ಕೆ 5 ಗ್ರಾಂ ಸಾಬಕ್ಕಿ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಂಜಿ ಕಾಯಿಸಿ, ಆರಿಸಿ, ರಸಕ್ಕೆ ಬೆರೆಸಿ ರಾತ್ರಿ ಅಲುಗಾಡಿಸದೆ ಇಡಬೇಕು. ಟ್ಯಾನಿನ್ ಗಂಜಿಗೆ ಕಟ್ಟಿಕೊಂಡು ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಬೀಜ ತಿರುಚುವಾಗ ಸಿಪ್ಪೆ ಒಡೆದು ಎಣ್ಣೆ ತಾಗಿದ ಹಣ್ಣನ್ನು ಹಿಂಡಲೇಬಾರದು. ಗಂಟಲು ಕೆರೆತ ಬರುವುದು ಒಗರಿನಿಂದ ಮಾತ್ರ ಅಲ್ಲ.

ನೀಲಿ ಅಥವಾ ಹಸಿರು ಛಾಯೆ ಬೇರೆ ಜಾತಿಯ ತೊಂದರೆ. ಕೆಂಪು ನೀರುಳ್ಳಿಯ ಬಣ್ಣವೂ ದಾಸವಾಳದ ಬಣ್ಣದ ಗುಂಪಿನದ್ದೇ, ಹುಳಿಯಲ್ಲಿ ಗುಲಾಬಿ, ಹುಳಿ ಕಡಿಮೆಯಾದರೆ ನೇರಳೆ, ಕ್ಷಾರ ತಾಗಿದರೆ ನೀಲಿ-ಹಸಿರು. ಗರಿಗರಿ ಆಗಲಿ ಎಂದು ಸುಣ್ಣದ ತಿಳಿಯಲ್ಲಿ ನೆನೆಸುವ ಅಭ್ಯಾಸ ಕೆಲವರಿಗಿದೆ. ಕುಂಬಳಕಾಯಿಗೆ ಅದು ಸರಿ, ಇಲ್ಲಿ ಮಾತ್ರ ಬೇಡ. ಸುಣ್ಣ ಬಣ್ಣವನ್ನೂ ಕೆಡಿಸುತ್ತದೆ, ಕಷ್ಟಪಟ್ಟು ಉಳಿಸಿದ ಹುಳಿಯನ್ನೂ ತಿನ್ನುತ್ತದೆ. ಜೊತೆಗೆ ಹಾಕಿದ ಬೆಳ್ಳುಳ್ಳಿ ಎಸಳು ಮಾತ್ರ ನೀಲಿಯಾಗಿದ್ದರೆ ಗಾಬರಿ ಬೇಡ. ಬೆಳ್ಳುಳ್ಳಿಯ ಗಂಧಕದ ಅಂಶ ಹುಳಿಯಲ್ಲಿ ಹಾಗೆ ತಿರುಗುವುದುಂಟು, ತಿನ್ನಲು ಅಡ್ಡಿ ಇಲ್ಲ.

ಗುಲಾಬಿಯೇ ಬರಲಿಲ್ಲ

ಇದಕ್ಕೆ ಮಾತ್ರ ನೀರುಳ್ಳಿಯನ್ನು ದೂರಬಹುದು. ನಮ್ಮಲ್ಲಿಗೆ ಬರುವುದು ಹೊರಗಿನ ಮಾಲು. ನಾಸಿಕ್ ಕಡೆಯ ಮುಂಗಾರು ಬೆಳೆ ಕಡುಕೆಂಪು, ನೀರು ಜಾಸ್ತಿ. ಬೇಸಗೆಗೆ ಕಿತ್ತು ದಾಸ್ತಾನು ಮಾಡಿ ಮಳೆಗಾಲವಿಡೀ ಬರುವುದು ತಿಳಿಕೆಂಪು. ಆಟಿಯಲ್ಲಿ ಹಾಕಿದ್ದು ಮಾಗಿಯಲ್ಲಿ ಹಾಕಿದಷ್ಟು ಕೆಂಪಾಗದಿದ್ದರೆ ಅದು ದೋಷವಲ್ಲ. ಸುಲಿಯುವಾಗ ಮೇಲಿನ ದಪ್ಪ ನೇರಳೆ ಪದರವನ್ನು ಕಿತ್ತೆಸೆಯಬೇಡಿ, ಬಣ್ಣ ಇರುವುದೇ ಅಲ್ಲಿ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಕಂದು ಬರುವುದು ಖಂಡಿತ. ರುಚಿ ಬೇಕಿದ್ದವರು ಹಾಕಲಿ, ಬಣ್ಣ ಬೇಕಿದ್ದವರು ಬಿಡಲಿ. ಎರಡು ಎಸಳು ಒಣ ಪುನರ್ಪುಳಿ ಸಿಪ್ಪೆ ಹಾಕುವುದು ನನಗೆ ಇಷ್ಟ. ಕೆಂಪೂ ಬರುತ್ತದೆ, ಹುಳಿಗೂ ಒಂದು ಮೈ ಬರುತ್ತದೆ.

ಮೆತ್ತಗಾದದ್ದು

ಕುದಿಯುವ ವಿನೆಗರಿಗೆ ನೀರುಳ್ಳಿ ಹಾಕಿ ಒಲೆಯ ಮೇಲೇ ಬಿಟ್ಟರೆ ಅದು ಬೆಂದ ಪಲ್ಯ. ಇಳಿಸಿ ಸುರಿಯುವುದು ಸಾಕು. ಅಡ್ಡಕ್ಕೆ ಚಕ್ರ ಕತ್ತರಿಸಿದ್ದಕ್ಕಿಂತ ಬೇರಿನಿಂದ ತುದಿಗೆ ಉದ್ದ ಸೀಳಿದ್ದು ಗಟ್ಟಿ ಉಳಿಯುತ್ತದೆ. ಮೊಳಕೆ ಬಂದ, ನಡು ಟೊಳ್ಳಾದ ಮಳೆಗಾಲದ ಗಡ್ಡೆ ಏನು ಮಾಡಿದರೂ ಗರಿಯಾಗದು. ಮೊದಲೆರಡು ದಿನ ಗರಿಯಿದ್ದು ಆಮೇಲೆ ಲೋಳೆಯಂತಾದರೆ ಕಥೆ ಬೇರೆ: ಹುಳಿ ಸಾಲದೆ ಸೂಕ್ಷ್ಮಜೀವಿಗಳು ಬೆಳೆದಿವೆ. ತಿನ್ನಬೇಡಿ.

ಘಾಟು ಮತ್ತು ವಾಸನೆ

ಹಸಿ ನೀರುಳ್ಳಿಯ ಘಾಟು ಮರುದಿನವೂ ಇಳಿಯದಿದ್ದರೆ, ತಣ್ಣಗಿನ ವಿನೆಗರ್ ಸುರಿದಿರಬೇಕು. ಕತ್ತರಿಸಿದಾಗ ಘಾಟನ್ನು ಹುಟ್ಟಿಸುವ ಕಿಣ್ವವನ್ನು ಬಿಸಿಯೂ ಹುಳಿಯೂ ಸೇರಿ ನಿಲ್ಲಿಸುತ್ತವೆ. ಬಿಸಿ ಮಾಡಲು ಇಷ್ಟವಿಲ್ಲದಿದ್ದರೆ ಸೀಳಿದ್ದನ್ನು ಜರಡಿಯಲ್ಲಿಟ್ಟು ಮೇಲಿಂದ ಒಂದು ಚೆಂಬು ಕುದಿನೀರು ಸುರಿದು ಬಸಿಯಿರಿ.

ನೈಲ್ ಪಾಲಿಶ್‌ನಂಥ ವಾಸನೆ ಬರುವುದು ವಿನೆಗರಿನಿಂದಲೇ. ಮದ್ಯಸಾರ ಇನ್ನೂ ಪೂರ್ತಿ ಆಮ್ಲವಾಗಿಲ್ಲ, ಎರಡೂ ಸೇರಿ ಈಥೈಲ್ ಅಸಿಟೇಟ್ ಆಗಿದೆ. ಬಾಯಿ ಅಗಲದ ಭರಣಿಗೆ ಸುರಿದು ಬಟ್ಟೆ ಕಟ್ಟಿ ಇನ್ನೊಂದೆರಡು ವಾರ ಬಿಟ್ಟು, ವಾಸನೆ ಹೋದ ಮೇಲೆ ಮತ್ತೆ ಸೋಡಾ ಪರೀಕ್ಷೆ ಮಾಡಿ. ಅವಸರಪಟ್ಟು ಅದನ್ನೇ ನೀರುಳ್ಳಿಗೆ ಸುರಿದರೆ ಆ ವಾಸನೆ ಪ್ರತಿ ಚೂರಿಗೂ ಹತ್ತುತ್ತದೆ.

ನೊರೆ, ಪದರ, ಬೂಸ್ಟು

ವಿನೆಗರ್ ಭರಣಿಯಲ್ಲಿ ಜಾರುವ, ತೆಳು ಗಂಜಿಯಂಥ ಬಿಳಿ ಪೊರೆ ಕಂಡರೆ ಅದು ಹುಳಿ ಮಾಡುವ ಬ್ಯಾಕ್ಟೀರಿಯಾದ ಪೊರೆ, ಒಳ್ಳೆಯದೇ. ನೀರುಳ್ಳಿ ಭರಣಿಗೆ ಹಾಕುವ ಮೊದಲು ಸೋಸಿ, ಬಿಸಿ ಮಾಡಿ. ನೀರುಳ್ಳಿ ಹಾಕಿದ ಮೇಲೆ ಸುಕ್ಕುಸುಕ್ಕಾದ ಸುಣ್ಣದ ಬಣ್ಣದ ಪದರ ಬಂದರೆ ಅದು ಬೇರೆ, ಹುಳಿ ಸಾಲದ್ದಕ್ಕೆ ಬೆಳೆದ ಯೀಸ್ಟ್. ರೋಮದಂತೆ ಎದ್ದ ಹಸಿರು, ಕಪ್ಪು ಬೂಸ್ಟೂ ಅಷ್ಟೇ. ಮೇಲಿನದ್ದನ್ನು ಚಮಚದಲ್ಲಿ ತೆಗೆದು ಉಳಿದದ್ದನ್ನು ತಿನ್ನುವ ಅಭ್ಯಾಸ ಮಾವಿನ ಮಿಡಿಯ ಉಪ್ಪಿನಕಾಯಿಯ ಕಾಲದಿಂದ ಬಂದದ್ದು. ಮಿಡಿಗೆ ಉಪ್ಪು ಎಷ್ಟಿತ್ತು, ಇಲ್ಲಿ ಎಷ್ಟಿದೆ ನೋಡಿ. ಇಷ್ಟು ಕಡಿಮೆ ಉಪ್ಪಿನ ಪದಾರ್ಥವನ್ನು ಪೂರ್ತಿ ಚೆಲ್ಲಬೇಕು. ಮುಚ್ಚಳ ತೆಗೆದಾಗ ಬುಸ್ಸೆಂದು ಗುಳ್ಳೆ ಎದ್ದರೂ ಹಾಗೆಯೇ, ರುಚಿ ನೋಡಲೂ ಹೋಗಬೇಡಿ.

ಹೊರಗಿಡಬಹುದೇ ಎಂದು ಕೇಳುವವರಿದ್ದಾರೆ. ಆಗದು. ಹೊರಗೆ ಉಳಿಯಬೇಕಾದ ಇಂಥ ಪದಾರ್ಥದ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಸಂಖ್ಯೆ ಕಡಿಮೆ) 4.6ಕ್ಕಿಂತ ಕೆಳಗೆ ಇರಲೇಬೇಕು, ಇಲ್ಲದಿದ್ದರೆ ಬೊಟುಲಿಸಂ ಎಂಬ ಮಾರಕ ಆಹಾರವಿಷ ತರುವ ಬ್ಯಾಕ್ಟೀರಿಯಾಕ್ಕೆ ದಾರಿ. ಬಲ ಗೊತ್ತಿಲ್ಲದ ಮನೆ ವಿನೆಗರಿನಿಂದ ಆ ಭರವಸೆ ಕೊಡಲಾಗದು. ಫ್ರಿಜ್ಜಿನಲ್ಲಿ, ಚೂರುಗಳೆಲ್ಲ ವಿನೆಗರಿನಲ್ಲಿ ಮುಳುಗಿರುವಂತೆ, ಒಣ ಚಮಚವನ್ನೇ ಬಳಸಿದರೆ ಬಲವಾದ ವಿನೆಗರಿನದ್ದು ಎರಡು ವಾರ ಧಾರಾಳ ಬರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರದ ಊರಿನವರು ಒಂದು ದೊಡ್ಡ ಭರಣಿಯ ಬದಲು ಮೂರು ದಿನಕ್ಕೆ ಮುಗಿಯುವಷ್ಟೇ ಹಾಕಿಕೊಳ್ಳಿ. ಮುಚ್ಚಳದ ಮೇಲೆ ಹಾಕಿದ ತಾರೀಕು, ವಿನೆಗರಿನ ಶೇಕಡಾ ಎರಡನ್ನೂ ಬರೆದಿಡಿ.